ತಮ್ಮನ ಹಾವಿಗೆ ಉಣಿಸಿದ ಬೇಸಿಗೆ

ತಮ್ಮ ಹಾಸಿಗೆ ಹಿಡಿದ ವರ್ಷದ ಬೇಸಿಗೆಯಲ್ಲಿ ಅವನ ಹಾವು ನಮ್ಮ ಮನೆಗೆ ಬಂತು. ತವರೂರು ಕುರ್ಡಿಯಿಂದ ಮಾನ್ವಿಗೆ, ಮಾನ್ವಿಯಿಂದ ರಾಯಚೂರಿಗೆ, ಎರಡು ಬಸ್ಸು ಹತ್ತಿ, ನನ್ನ ತೊಡೆಯ ಮೇಲೆ, ಗಾಳಿಗೆಂದು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಪಕ್ಕದಲ್ಲಿ ಕೂತ ಹೆಂಗಸು, "ಕೋಳಿಮರಿ ಏನಬೇ ಅದು?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಡಬ್ಬಿಯೊಳಗೆ ಚೂರೂ ಸದ್ದಿಲ್ಲದ್ದನ್ನು ನೋಡಿ ಅವಳು ಸ್ವಲ್ಪ ಆಚೆ ಸರಿದು ಕೂತಳು.

ತಮ್ಮ ಗೂಡ್ಸ್ ಟೆಂಪೊ ಓಡಿಸುತ್ತಿದ್ದ. ಮಾನ್ವಿಯ ಮಿಲ್ಲುಗಳಿಂದ ಅಕ್ಕಿ ಚೀಲ ಹೇರಿಕೊಂಡು ರಾಯಚೂರಿಗೆ ಬರುವುದು ಅವನ ಕೆಲಸ. ಹಾವು ಹಿಡಿಯುವುದು ಅವನ ಹುಚ್ಚು. ಯಾರ ಮನೆಯ ಕಟ್ಟಿಗೆ ರಾಶಿಯಲ್ಲಿ ಹಾವು ಕಂಡರೂ ಅವನಿಗೆ ಫೋನು ಬರುತ್ತಿತ್ತು. ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಹಿಡಿದದ್ದನ್ನು ಗುಡ್ಡದ ಕುರುಚಲಿನಲ್ಲಿ ಬಿಟ್ಟು ಬರುತ್ತಿದ್ದ. ನಮ್ಮ ನೆಲದ ಹಾವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಹಾವು ತನ್ನದೇ ಆಗಿರಬೇಕೆಂಬ ಆಸೆ ಬಿಡಲಿಲ್ಲ. ಕಡೆಗೆ ಹೈದರಾಬಾದಿನಿಂದ ಪರದೇಶದ ಸಣ್ಣ ತಳಿಯ ಹೆಬ್ಬಾವಿನ ಮರಿಯೊಂದನ್ನು ಕಾಗದಪತ್ರ ಸಮೇತ ತಂದ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುವ ಜಾತಿ. ಕಂದು ಮೈಮೇಲೆ ಹುರಿದ ಶೇಂಗಾ ಸಿಪ್ಪೆಯ ಬಣ್ಣದ ಮಚ್ಚೆಗಳು.

ಅದು ಬಂದು ಒಂದು ತಿಂಗಳಾಗಿರಬೇಕು, ಅಷ್ಟೇ. ಮಾನ್ವಿ ರಸ್ತೆಯಲ್ಲಿ ಟೆಂಪೊ ಮಗುಚಿತು. ಬೆನ್ನುಹುರಿಗೆ ಪೆಟ್ಟು ಬಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಇನ್ನು ಜೀವ ಬರುವುದು ಕಷ್ಟ ಎಂದು ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು ಹೇಳಿದರು. ತಮ್ಮನಿಗೆ ಯಾರೂ ಹೇಳಲಿಲ್ಲ. ಅವನೂ ಯಾರನ್ನೂ ಕೇಳಲಿಲ್ಲ.

ಊರಿಗೆ ಕರೆದುಕೊಂಡು ಹೋದ ದಿನವೇ ಅವ್ವ ಹಟ ಹಿಡಿದಳು. "ನಾಗಪ್ಪನ್ನ ಡಬ್ಬ್ಯಾಗ ಹಾಕಿ ಇಟ್ಟಿದ್ದಕ್ಕ ಹಿಂಗಾತು. ಅದು ಈ ಮನ್ಯಾಗ ಇರಬಾರ್ದು. ಹೊಲಕ್ಕ ಬಿಟ್ಟು ಬಾ."

"ಹೊಲದಾಗ ಅದು ಬದುಕಂಗಿಲ್ಲಬೇ. ಪರದೇಶದ್ದದು," ಎಂದೆ.

"ನನ್ನ ಮಗ ಬದುಕಿದ್ರ ಸಾಕು ನನಗ."

ಮಂಚದ ಮೇಲಿಂದ ತಮ್ಮ ಮೆಲ್ಲಗೆ ಹೇಳಿದ, "ಅಕ್ಕಾ, ನೀ ಒಯ್ಯಿ. ಅದಕ್ಕ ಉಣಸು."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹಲ್ಲಿ ಕಂಡರೆ ದೂರ ಸರಿಯುವವಳು ನಾನು. ಆದರೂ ಆ ಡಬ್ಬಿಯನ್ನು ಎತ್ತಿಕೊಂಡೆ.

ನಾನು ರವಿಕೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಉದ್ದನೆಯ ಮರದ ಬೆಂಚು, ಅದರ ಒಂದು ತುದಿಗೆ ಮೋಟಾರಿನ ಹೊಲಿಗೆ ಮಷೀನು. ಇನ್ನೊಂದು ತುದಿಗೆ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಹಾವನ್ನು ಇಟ್ಟೆ. ಕಣ್ಣೆದುರಿಗೇ ಇರಲಿ, ತಪ್ಪಿಸಿಕೊಂಡರೆ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ.

ತಮ್ಮನ ಗೆಳೆಯನೊಬ್ಬ ದೇವದುರ್ಗದಲ್ಲಿದ್ದ. ಬಣ್ಣದ ಮೀನು, ಲವ್‌ಬರ್ಡ್ಸ್ ಮಾರುವ ಸಣ್ಣ ಅಂಗಡಿಯವನು. ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಹಾವು ಹಿಡಿಯಲು ಇಬ್ಬರೂ ಜೊತೆಗೇ ಹೋಗುತ್ತಿದ್ದರು. ಅವನು ಹೈದರಾಬಾದಿನಿಂದ ತರಿಸಿದ ಸತ್ತ ಬಿಳಿ ಇಲಿಮರಿಗಳನ್ನು ಐಸಿನಲ್ಲಿಟ್ಟುಕೊಂಡು ಬಸ್ಸಿಗೆ ಬಂದ. ಮನೆಯ ಇಲಿ ಹಿಡಿದು ಹಾಕಬಾರದು, ಪಾಷಾಣ ತಿಂದಿರುತ್ತವೆ ಎಂದ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟೆವು. ನನ್ನ ಗಂಡ ಆ ಬೇಸಿಗೆ ಪೂರ್ತಿ ಫ್ರಿಜ್ಜಿನ ನೀರು ಕುಡಿಯಲಿಲ್ಲ, ಮಡಕೆಯದೇ ಕುಡಿದ.

ಅಂದೇ ಒಂದನ್ನು ಹಾವಿನ ಮುಂದಿಟ್ಟೆವು, ಮುಟ್ಟಲಿಲ್ಲ. ಗೆಳೆಯನನ್ನು ಕೇಳಿದೆ, "ಯಾಕ ತಿನ್ನವಲ್ದು ಇದು?"

"ಅಕ್ಕಾರ, ನಾಗರಹಾವು, ಕೆರಿಹಾವು ಆಗಿದ್ರ ಹೇಳ್ತಿದ್ದೆ. ಇದು ಯಾವ ದೇಶದ್ದೋ ಏನೋ. ನಂಗೂ ನಿಮ್ಮಷ್ಟ ಗೊತ್ತು."

ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಐಸು ಕರಗಿಸಿ, ಬೆಚ್ಚಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಮುಂದೆ ಒಡ್ಡಿದೆ. ಹಾವು ತಲೆಯನ್ನು ಸುರುಳಿಯೊಳಗೆ ತೂರಿಸಿಕೊಂಡಿತು. ವಾರ ಬಿಟ್ಟು ಮತ್ತೆ ಒಡ್ಡಿದೆ. ಅದೇ. ರಾತ್ರಿ ಒಳಗಿಟ್ಟು ಬೆಳಿಗ್ಗೆ ನೋಡಿದರೆ ಇಲಿಮರಿ ಉಬ್ಬಿ ನಾರುತ್ತಿತ್ತು. ಕೈತೋಟದ ಮೂಲೆಯಲ್ಲಿ ಹೂತು ಬಂದು ಕೈ ತೊಳೆದೆ, ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ.

ಫೋನಿನಲ್ಲಿ ನೋಡಿದ ವೀಡಿಯೊಗಳೆಲ್ಲ ಹಾವಿಗೆ ಬೆಚ್ಚಗೆ ಮಾಡಿ, ದೀಪ ಹಾಕಿ ಎನ್ನುತ್ತಿದ್ದವು. ರಾಯಚೂರಿನ ಬೇಸಿಗೆಯಲ್ಲಿ ಯಾರಿಗೆ ಬೇಕು ದೀಪ? ಗೋಡೆಗೆ ಕೈಯಿಟ್ಟರೆ ಹಂಚಿನಂತೆ ಸುಡುತ್ತಿತ್ತು. ಪೆಟ್ಟಿಗೆಯೊಳಗಿನ ಗಾಳಿ ಒಣಗಿ, ಹಾವಿನ ಪೊರೆ ಒಂದೇ ಸಮ ಕಳಚದೆ ಚೂರು ಚೂರಾಗಿ ಮೈಗೆ ಅಂಟಿಕೊಂಡಿತು. ಆಗ ಒಡೆದ ಮಡಕೆಯ ಅರ್ಧವನ್ನು ಬೋರಲು ಹಾಕಿ ಅಡಗಲು ಜಾಗ ಮಾಡಿದೆ. ಅದರೊಳಗೆ ಒದ್ದೆ ತೆಂಗಿನ ನಾರು ಹಾಸಿದೆ. ಪೆಟ್ಟಿಗೆಯ ಸುತ್ತ ಗೋಣಿತಾಟು ಸುತ್ತಿ ನೀರು ಚಿಮುಕಿಸಿದೆ. ಕರೆಂಟು ಹೋಗಿ ಕೂಲರ್ ನಿಂತಾಗ ಬೀಸಣಿಗೆ ಹಿಡಿದು ಅದಕ್ಕೆ ಗಾಳಿ ಹಾಕಿದ್ದೂ ಉಂಟು. ಅಂಟಿದ ಪೊರೆ ನಿಧಾನಕ್ಕೆ ಬಿಟ್ಟಿತು. ಆದರೆ ತಿನ್ನಲಿಲ್ಲ. ಬೆನ್ನೆಲುಬು ಚರ್ಮದ ಕೆಳಗೆ ದಾರದ ಹಾಗೆ ಎದ್ದು ಕಾಣತೊಡಗಿತು.

ಭಾನುವಾರ ಕುರ್ಡಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ತಮ್ಮ ಕೇಳುತ್ತಿದ್ದ, "ಉಂಡಿತೇನಕ್ಕಾ?"

"ಇಲ್ಲೋ ತಮ್ಮಾ."

ಅಷ್ಟಕ್ಕೆ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಅವನಿಗೆ ತಿರುಗಿಸಲು ಬರುತ್ತಿದ್ದದ್ದು ಮುಖ ಮಾತ್ರ. ಉಳಿದದ್ದನ್ನು ನಾನೂ ಅವ್ವನೂ ತಿರುಗಿಸಬೇಕಿತ್ತು. ಒಮ್ಮೆ ಉಂಡಿತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಎಂಥದ್ದು ತಿಂತು, ಹೆಂಗ ಹಿಡೀತು ಎಂದು ಕೇಳುತ್ತಾನೆ. ನನಗೆ ಹೇಳಲು ಬರುವುದಿಲ್ಲ.

ಹಾವು ಇನ್ನೂ ಸೊರಗಿದಾಗ ಗೆಳೆಯ ಮತ್ತೆ ಬಂದ. ಅಂಗೈಯಲ್ಲಿಟ್ಟು ನೋಡಿ ಸಪ್ಪಗಾದ. "ಬಾಯಿ ತಗದು ತುರುಕೋದೊಂದು ದಾರಿ ಅದ ಅಕ್ಕಾರ. ಆದ್ರ ಅದ್ರಾಗ ಸಾಯೋವೇ ಭಾಳ."

"ಹಂಗಾದ್ರ ಬ್ಯಾಡ."

"ಹಿಂಗ ಬಿಟ್ರೂ ಸಾಯ್ತದ."

ಅವನು ದೇವದುರ್ಗದ ಬಸ್ಸಿಗೆ ಹೋದ. ನಾನು ಬಂದು ಮಷೀನಿನ ಮುಂದೆ ಕೂತೆ. ಮದುವೆಯ ರವಿಕೆಗಳು ಬಾಕಿ ಇದ್ದವು. ಹೊಲಿಯುತ್ತ ಯಾಕೋ ಪೆಟ್ಟಿಗೆಯ ಕಡೆ ನೋಡಿದೆ. ಹಾವಿನ ನೀರಿನ ಬಟ್ಟಲಲ್ಲಿ ಸಣ್ಣ ಸಣ್ಣ ಅಲೆ. ಮಷೀನು ನಿಲ್ಲಿಸಿದೆ. ಅಲೆ ನಿಂತಿತು. ಮತ್ತೆ ಓಡಿಸಿದೆ, ನೀರು ನಡುಗಿತು. ಹಾವಿಗೆ ಸದ್ದು ಕೇಳುವುದೇ ಮೈಯಿಂದ, ನೆಲದ ನಡುಕದಿಂದ ಎಂದು ತಮ್ಮ ಎಷ್ಟೋ ಸಲ ಹೇಳಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಬೆಂಚಿನ ಮೇಲೆ ಅದು ಭೂಕಂಪದಲ್ಲೇ ಬದುಕುತ್ತಿತ್ತು. ಅದೂ ಸಾಲದೆಂದು ಅಳತೆ ಕೊಡಲು ಬಂದ ಹೆಂಗಸರೆಲ್ಲ ಮುಚ್ಚಳದ ಮೇಲೆ ಬೆರಳು ಬಡಿದು, "ಅಯ್ ಯವ್ವಾ, ಖರೇನ ಹಾವು!" ಎಂದು ಕೂಗುತ್ತಿದ್ದರು.

ಅಂದೇ ಪೆಟ್ಟಿಗೆಯನ್ನು ಜೋಳ ತುಂಬಿಡುವ ಹಿಂದಿನ ಕೋಣೆಗೆ ಒಯ್ದು ಪರಸಿಕಲ್ಲಿನ ನೆಲದ ಮೇಲೆ ಇಟ್ಟೆ. ಅಲ್ಲಿ ಕತ್ತಲೆ, ತಂಪು. ಮೇಲೆ ಹಳೆ ಸೀರೆ ಮುಚ್ಚಿದೆ. ನೀರು ಬದಲಿಸಲು ಬಿಟ್ಟರೆ ನಾನೂ ಒಳಗೆ ಹೋಗಲಿಲ್ಲ. ಮುಟ್ಟಲಿಲ್ಲ, ಎತ್ತಲಿಲ್ಲ, ಇಣುಕಲಿಲ್ಲ. ಆ ಕೆಲಸವೇ ಎಲ್ಲಕ್ಕಿಂತ ಕಷ್ಟವಾಯಿತು. ಸತ್ತಿದೆಯೇನೋ ಎಂದು ಹೊಲಿಯುವಾಗೆಲ್ಲ ಅನ್ನಿಸುತ್ತಿತ್ತು.

ದಿನಗಳು ಕಳೆದ ಮೇಲೆ ಒಂದು ಮುಸ್ಸಂಜೆ ಇಲಿಮರಿಯನ್ನು ಬೆಚ್ಚಗೆ ಮಾಡಿ ಒಳಗೆ ಹೋದೆ. ಮಡಕೆಯ ಬಾಯಲ್ಲಿ ಹಾವಿನ ಮೂತಿ ಕಾಣುತ್ತಿತ್ತು. ಇಕ್ಕಳ ಮುಂದೆ ಮಾಡಿದೆ. ನಾಲಗೆ ಹೊರಗೆ ಬಂತು, ಒಳಗೆ ಹೋಯಿತು. ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಿತು. ಆಮೇಲೆ ಏನಾಯಿತೆಂದು ನನಗೆ ಕಾಣಲೇ ಇಲ್ಲ. ಇಕ್ಕಳ ಖಾಲಿಯಾಗಿತ್ತು. ಇಲಿಮರಿಯ ಸುತ್ತ ಹಾವು ಹುರಿ ಹೊಸೆದಂತೆ ಸುತ್ತಿತ್ತು. ಸತ್ತದ್ದನ್ನೇ ಮತ್ತೆ ಸಾಯಿಸುವಂತೆ ಹಿಚುಕಿ, ತಲೆಯ ಕಡೆಯಿಂದ ಮೆಲ್ಲಮೆಲ್ಲಗೆ ನುಂಗಿತು. ನಾನು ಬಾಗಿಲ ಹತ್ತಿರ ಇಕ್ಕಳ ಹಿಡಿದುಕೊಂಡು ನಿಂತೇ ಇದ್ದೆ. ಕಣ್ಣಲ್ಲಿ ನೀರು ಬಂದಿತ್ತು.

ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಭಾನುವಾರದವರೆಗೆ ಕಾಯದೆ ಮರುದಿನವೇ ಕುರ್ಡಿಗೆ ಹೋದೆ.

"ಉಂಡಿತೋ ತಮ್ಮಾ!"

ಅವನು ನನ್ನ ಕಡೆ ತಿರುಗಿದ. "ಖರೆ ಹೇಳು."

"ಖರೇನ. ಕಣ್ಣಾರೆ ನೋಡೀನಿ."

"ತಲಿ ಕಡಿಂದ ನುಂಗಿತಾ? ಆಮ್ಯಾಲ ಆಕಳಿಸ್ತಾ?"

ಆಕಳಿಸಿತ್ತು. ದವಡೆಯನ್ನು ಅತ್ತಿತ್ತ ಸರಿಮಾಡಿಕೊಂಡಿತ್ತು. ಎಲ್ಲ ಹೇಳಿದೆ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಹಾಸಿಗೆ ಹಿಡಿದಾಗಿನಿಂದ ಅಷ್ಟು ಮಾತಾಡಿರಲಿಲ್ಲ. ಒಲೆಯ ಮುಂದಿದ್ದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನನಗೆ ಧೈರ್ಯ ಬಂತು.

"ಅದನ್ನ ಇಲ್ಲಿಗಿ ತರ್ತೀನಿ ತಗೋ. ನಿನ್ನ ಬಾಜೂಕ ಇಡ್ತೀನಿ. ಯವ್ವಾ, ನೀ ಏನ ಅನಬ್ಯಾಡ."

ಅವ್ವ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ತರೋದಾದ್ರ ತಾ ಬೇ," ಎಂದಳು.

ಬೇಡವೆಂದದ್ದು ತಮ್ಮ. ತನ್ನ ಕಾಲುಗಳ ಕಡೆ ನೋಡಿದ. "ಬ್ಯಾಡಕ್ಕಾ. ಕೈಯಾಗಿಂದ ಜಾರಿ ಹ್ವಾದ್ರ ಹಿಂದ ಹೋಗಿ ಹಿಡಿಯಾಕ ನನಗ ಆಗಂಗಿಲ್ಲ."

ಯಾರೂ ಹೇಳದ ಮಾತನ್ನು ಅವನೇ ಹೇಳಿಬಿಟ್ಟ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಅವನ ಹೊದಿಕೆ ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ಹಾವು ಮತ್ತೆ ತಿಂತು, ಮತ್ತೊಮ್ಮೆಯೂ ತಿಂತು. ಬೆನ್ನೆಲುಬು ಮುಚ್ಚಿ ಮೈ ಗುಂಡಗಾಯಿತು. ಪ್ರತಿ ಸಲ ಹೇಳಿದಾಗಲೂ ತಮ್ಮ "ಹ್ಞೂಂ" ಎನ್ನುತ್ತಿದ್ದ. ಪ್ರಶ್ನೆಗಳು ನಿಂತವು. ಮಳೆಗಾಲಕ್ಕೆ, ಮಲಗಿ ಮಲಗಿ ಅವನ ಬೆನ್ನಿನಲ್ಲಿ ಹುಣ್ಣಾಯಿತು, ಜ್ವರ ಬಂತು, ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲೇ ಒಂದು ದಿನ ಗೆಳೆಯನನ್ನು ಕರೆಸಿ ಹೇಳಿದ, "ಅದನ್ನ ಯಾರರ ಚಲೋ ಸಾಕೋರಿಗಿ ಕೊಟ್ಟುಬಿಡೋ. ಉಣ್ಣಾಕ ಕಲ್ತದಲ್ಲ, ಎಲ್ಲಿದ್ರೂ ಬದುಕ್ತದ."

"ನಾ ಇಟ್ಕೋತೀನೋ," ಎಂದೆ ನಾನು.

"ನೀ ಯಾರ ಸಲುವಾಗಿ ಇಟ್ಕೋತಿ?"

ನನ್ನ ಸಲುವಾಗಿ ಎಂದಿದ್ದರೆ ಅದು ಖರೆಯೇ ಆಗುತ್ತಿತ್ತು. ಆದರೆ ಆ ಹಾಸಿಗೆಯ ಮುಂದೆ ನಿಂತು ಹೇಳಲಾಗಲಿಲ್ಲ. ಅಗತ್ಯದ ಕಾಗದಗಳಾದ ಮೇಲೆ ಗೆಳೆಯ ಅದನ್ನು ಹೈದರಾಬಾದಿನ ಒಬ್ಬರಿಗೆ ಒಪ್ಪಿಸಿ ಬಂದ. ಅಲ್ಲಿ ದೊಡ್ಡದಾಗಿದೆಯಂತೆ. ಗೆಳೆಯ ಫೋಟೊ ಕಳಿಸಿದ್ದ. ತಮ್ಮನಿಗೆ ತೋರಿಸಲು ಹೋದಾಗ ಕಣ್ಣು ಮುಚ್ಚಿಕೊಂಡ.

ಈಗಲೂ ಭಾನುವಾರ ಕುರ್ಡಿಗೆ ಹೋಗುತ್ತೇನೆ. ಗಾಳಿಹಾಸಿಗೆಯ ಮೇಲೆ ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತೇವೆ, ಮುಲಾಮು ಹಚ್ಚುತ್ತೇವೆ. ಒಂದು ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಅವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಾಳೆ, ತಿನ್ನುತ್ತಾನೆ. ನಾನು ಓಣಿಯ ಸುದ್ದಿ ಹೇಳುತ್ತೇನೆ. ಕೇಳುತ್ತಾನೋ ಇಲ್ಲವೋ ತಿಳಿಯುವುದಿಲ್ಲ. ಬಿಸಿಲು ಕಿಟಕಿಯಿಂದ ಸರಿದಾಗ, "ಬಸ್ಸಿಗಿ ಹೊತ್ತಾತು, ಹೋಗಕ್ಕಾ," ಎನ್ನುತ್ತಾನೆ. ನಾನು ಇನ್ನೊಂದು ಗಳಿಗೆ ಕೂತು, ಎದ್ದು ಬರುತ್ತೇನೆ.