ಕರೆದರೆ ಬರುವುದನ್ನು ಕಲಿಸುವ ಗಂಗಕ್ಕ

ತಣಿಸಂದ್ರದ ಅಪಾರ್ಟ್‌ಮೆಂಟುಗಳ ಹಿಂದೆ ಇನ್ನೂ ಯಾರೂ ಮನೆ ಕಟ್ಟದ ಒಂದು ದೊಡ್ಡ ಬಯಲಿದೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಕಾಲಿಗೆ ಕ್ಯಾನ್ವಾಸ್ ಶೂ, ಸೊಂಟಕ್ಕೊಂದು ಬಟ್ಟೆ ಚೀಲ. ಕೈಯಲ್ಲಿ ಬಾವಿಗೆ ಇಳಿಬಿಡುವಷ್ಟು ಉದ್ದದ ನೂಲಿನ ಹಗ್ಗ. ಅದರ ಇನ್ನೊಂದು ತುದಿಯಲ್ಲಿ ಲ್ಯಾಬ್ರಡಾರ್ ಮರಿಯೊಂದು ಪ್ಲಾಸ್ಟಿಕ್ ಕವರಿನ ಜೊತೆ ಜಗಳಕ್ಕೆ ಬಿದ್ದಿದೆ.

ಹೆಂಗಸು ಮರಿಯ ಹೆಸರನ್ನು ಒಂದೇ ಸಲ ಕರೆಯುತ್ತಾರೆ. ಮರಿ ತಲೆ ಎತ್ತಿ ಅವರನ್ನು ನೋಡುತ್ತದೆ, ಮತ್ತೆ ಕವರನ್ನು ನೋಡುತ್ತದೆ. ಅವರು ಎದ್ದು, ನಗುತ್ತ, ಹಿಂದುಹಿಂದಕ್ಕೆ ಓಡತೊಡಗುತ್ತಾರೆ. ಅಷ್ಟು ಸಾಕು. ಮರಿ ಕವರನ್ನು ಅಲ್ಲೇ ಬಿಟ್ಟು, ಕಿವಿ ಹಾರಿಸಿಕೊಂಡು ಬಂದು ಅವರ ಕಾಲಿಗೆ ಬೀಳುತ್ತದೆ. ಚೀಲದಿಂದ ಬೇಯಿಸಿದ ಕೋಳಿ ಲಿವರಿನ ಚೂರೊಂದು ಅದರ ಬಾಯಿ ಸೇರುತ್ತದೆ. ಮರುಕ್ಷಣವೇ ಅವರು ಅದರ ಬೆನ್ನು ತಟ್ಟಿ ಮತ್ತೆ ಆಟಕ್ಕೆ ಬಿಡುತ್ತಾರೆ.

"ಬಂದ್ ತಕ್ಷಣ ಕಟ್ಟಾಕಿ ಮನೆಗೆ ಎಳ್ಕೊಂಡೋದ್ರೆ, ಕರೆಯೋದು ಅಂದ್ರೆ ಆಟ ಮುಗೀತು ಅಂತ ಅದ್ಕೆ ಗೊತ್ತಾಗೋಯ್ತದೆ. ಆಮೇಲೆ ಯಾಕ್ ಬತ್ತದೆ?" ಎನ್ನುತ್ತಾರೆ ಗಂಗರತ್ನಮ್ಮ.

ಈ ಬಡಾವಣೆಯಲ್ಲಿ ಎಲ್ಲರಿಗೂ ಅವರು ಗಂಗಕ್ಕ. ಊರು ಹುಣಸಮಾರನಹಳ್ಳಿ. ಕತ್ತಲಿರುವಾಗಲೇ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಾರೆ. ಬಿಸಿಲೇರುವುದರೊಳಗೆ ಆರೇಳು ನಾಯಿಗಳನ್ನು ಸುತ್ತಾಡಿಸಿ ಮನೆಗಳಿಗೆ ಮುಟ್ಟಿಸಬೇಕು. ಸಂಜೆ ಮತ್ತೊಂದು ಸುತ್ತು. ದೊಡ್ಡ ನಾಯಿಗಳಿಗೆ ಬರೀ ವಾಕಿಂಗ್. ಮರಿಗಳಿಗೆ ಮಾತ್ರ ಪಾಠ, ಅದೂ ಒಂದೇ ಪಾಠ: ಹೊರಗೆ ಹೋದಾಗ ಕರೆದರೆ ವಾಪಸ್ ಬರುವುದು. ಕೂರುವುದು, ಕೈ ಕೊಡುವುದು, ಉರುಳುವುದು ಯಾವುದನ್ನೂ ಅವರು ಕಲಿಸುವುದಿಲ್ಲ. ಕೇಳಿದವರಿಗೆ ಅದು ತನಗೆ ಬರುವುದಿಲ್ಲ ಎಂದು ಹೇಳಿಬಿಡುತ್ತಾರೆ.

ಗಂಡ ಮುನಿಶಾಮಿ ಗಾರೆ ಕೆಲಸದವರು. ಕಟ್ಟಡಕ್ಕೆ ಕಟ್ಟಿದ್ದ ಸಾರ್ವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಭಾರ ಗಂಗಕ್ಕನ ಮೇಲೆ ಬಿತ್ತು. ಏರ್‌ಪೋರ್ಟ್ ರಸ್ತೆಯ ಆಚೆ, ಊರಿಗೆ ಹೋಗುವವರು ನಾಯಿಗಳನ್ನು ಬಿಟ್ಟುಹೋಗುವ ಒಂದು ಶೆಡ್ಡಿನಲ್ಲಿ ಗೂಡು ತೊಳೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ಮರಿಗಳಿಗೆ ಪಾಠ ಹೇಳುತ್ತಿದ್ದವನು ಬರದ ಮರಿಯನ್ನು ಸರಪಳಿ ಹಿಡಿದು ಎಳೆಯುತ್ತಿದ್ದ. ಎಳೆದು ತಂದ ಮೇಲೆ ಬೈಯುತ್ತಿದ್ದ. ಗೂಡು ತೊಳೆಯುವಾಗ ಅವೇ ಮರಿಗಳು ಗಂಗಕ್ಕನ ಸೆರಗು ಹಿಡಿದು ಹಿಂದೆಯೇ ಬರುತ್ತಿದ್ದವು. ಅದನ್ನು ನೋಡಿದ ಯಾರೋ ಒಬ್ಬರು ತಮ್ಮ ಮನೆಯ ಮರಿಯನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಈ ಕೆಲಸ ಶುರುವಾದದ್ದು ಹಾಗೆ.

ಊರಿನಲ್ಲಿ ನಗುವವರಿಗೆ ಕಡಿಮೆಯೇನೂ ಇರಲಿಲ್ಲ. ಗಂಗರತ್ನಮ್ಮ ಬೆಂಗಳೂರಿಗೆ ನಾಯಿ ಮೇಯಿಸಲು ಹೋಗುತ್ತಾಳೆ ಎಂದು ನಾದಿನಿಯರೇ ಆಡಿಕೊಂಡರು. ಮೊದಲ ವರ್ಷ ಒಂದು ಜರ್ಮನ್ ಶೆಫರ್ಡ್ ಮೊಣಕೈಯ ಕೆಳಗೆ ಕಚ್ಚಿತು. ಆ ಗುರುತು ಕಾಣದಿರಲೆಂದೇ ತುಂಬುತೋಳಿನ ಶರ್ಟು. ನಾಯಿ ಕಚ್ಚಿದ್ದನ್ನು ನೋಡಿದರೆ ಯಾರೂ ಮರಿ ಕೊಡುವುದಿಲ್ಲ ಎಂಬ ಹೆದರಿಕೆ ಅವರಿಗೆ ಈಗಲೂ ಇದೆ.

ಗಂಗಕ್ಕನ ಬಗ್ಗೆ ನನಗೆ ಹೇಳಿದವರು ಶಾಂತಲಾ. ಈ ಬಯಲಿನ ಪಕ್ಕದ ರಸ್ತೆಯಲ್ಲೇ ಅವರ ಮನೆ. ಅವರ ಮಾವ ಚಿಕ್ಕಹನುಮಯ್ಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಯಲಹಂಕ, ಹೆಬ್ಬಾಳ, ಯಶವಂತಪುರ ಎಂದು ಕೂಗಿ ಕೂಗಿಯೇ ಸಂಸಾರ ಸಾಕಿದವರು. ಎರಡು ವರ್ಷದ ಹಿಂದೆ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವರು ಉಸಿರಾಡುವುದು ಕತ್ತಿನಲ್ಲಿರುವ ರಂಧ್ರದಿಂದ. ಅದರ ಮೇಲೆ ಸದಾ ಒಂದು ಬಿಳಿ ಬಟ್ಟೆ. ಮಾತಿಲ್ಲ, ಸೀಟಿ ಊದಲೂ ಬಾಯಿಯಲ್ಲಿ ಉಸಿರಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಗೇಟು ದಾಟುವುದನ್ನೇ ಬಿಟ್ಟರು. ಪರಿಚಯದವರು ಎದುರಾಗಿ ಮಾತಾಡಿಸಿದರೆ ಏನು ಮಾಡುವುದು ಎಂಬ ಸಂಕೋಚ.

ಮನೆಯವರು ಕಂದು ಬಣ್ಣದ ಒಂದು ಬೀದಿ ಮರಿ ತಂದು ಬೆಲ್ಲ ಎಂದು ಹೆಸರಿಟ್ಟರು. ಬೆಲ್ಲ ಬಂದ ಮೇಲೆ ಚಿಕ್ಕಹನುಮಯ್ಯ ಬೆಳಗಿನ ಜಾವ, ರಸ್ತೆಯಲ್ಲಿ ಜನ ಕಡಿಮೆ ಇರುವಾಗ, ಅದನ್ನು ಕರೆದುಕೊಂಡು ಹೊರಡತೊಡಗಿದರು. ಒಂದು ದಿನ ಅದರ ಕತ್ತಿನ ಪಟ್ಟಿ ಜಾರಿತು. ಮರಿ ಮೇನ್ ರೋಡಿನ ಕಡೆ ಓಡಿತು. ಇವರು ಬಾಯಿ ತೆರೆದರು, ಸದ್ದು ಬರಲಿಲ್ಲ. ಓಡಲು ಹೋದರು, ಉಸಿರು ಸಾಲಲಿಲ್ಲ. ಲಾರಿಯೊಂದು ಬ್ರೇಕ್ ಹಾಕಿತು. ಸೊಪ್ಪಿನ ಗಾಡಿಯವನೊಬ್ಬ ಮರಿಯನ್ನು ಎತ್ತಿಕೊಂಡು ಬಂದು ಇವರ ಕೈಗಿಟ್ಟು, ಕೂಗಬಾರದಾಗಿತ್ತಾ ಯಜಮಾನ್ರೇ ಎಂದು ಕೇಳಿದ.

"ಮನೆಗೆ ಬಂದವರೇ ಮರೀನ ನನ್ ಕೈಗೆ ಕೊಟ್ಬಿಟ್ರು," ಎಂದು ಶಾಂತಲಾ ನೆನೆಯುತ್ತಾರೆ. "ಯಾರಿಗಾದ್ರೂ ಕೊಟ್ಬಿಡು ಅಂತ ಕೈಸನ್ನೆ ಮಾಡಿ ರೂಮಿಗೆ ಹೋದ್ರು. ಅವತ್ತು ಊಟಕ್ಕೂ ಬರ್ಲಿಲ್ಲ. ಮರಿ ಅವರ ಬಾಗಿಲು ಕೆರೀತಾನೇ ಇತ್ತು."

ಶಾಂತಲಾ ಮರಿಯನ್ನು ಯಾರಿಗೂ ಕೊಡಲಿಲ್ಲ. ಮಾವನನ್ನು ಕೇಳದೆ ಗಂಗಕ್ಕನನ್ನು ಕರೆಸಿದರು. ದನಿಯಿಲ್ಲದವರ ಮರಿಗೆ ಹೇಗೆ ಕಲಿಸುವುದೆಂದು ಗಂಗಕ್ಕನಿಗೂ ಗೊತ್ತಿರಲಿಲ್ಲ. ಮೊದಲು ಒಂದು ಸಣ್ಣ ಗಂಟೆ ತಂದು ನೋಡಿದರು. ಕುಲ್ಫಿ ಗಾಡಿಯ ಗಂಟೆ ಕೇಳಿದರೂ ಬೆಲ್ಲ ಅತ್ತ ಓಡತೊಡಗಿತು. ಗಂಟೆಯ ಆಸೆ ಬಿಟ್ಟರು. ಆಮೇಲೆ ಕೈಗಳೇ ಸಾಕು ಎಂದುಕೊಂಡರು. ಬಟ್ಟಲಿಗೆ ಊಟ ಹಾಕುವ ಮೊದಲು ಎರಡು ಚಪ್ಪಾಳೆ, ಮುದ್ದಾಡುವ ಮೊದಲು ಎರಡು ಚಪ್ಪಾಳೆ. ಮೊದಲು ಮನೆಯೊಳಗೆ, ಆಮೇಲೆ ಟೆರೇಸಿನಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ. ಕೆಲವೇ ವಾರಗಳಲ್ಲಿ ಚಪ್ಪಾಳೆ ಕೇಳಿದರೆ ಬೆಲ್ಲ ಎಲ್ಲಿದ್ದರೂ ಹಾರಿ ಬರುವಂತಾಯಿತು.

ಆದರೆ ಬರುತ್ತಿದ್ದದ್ದು ಗಂಗಕ್ಕನ ಹತ್ತಿರ. ಶಾಂತಲಾ ಹೇಗೋ ಒಪ್ಪಿಸಿ ಚಿಕ್ಕಹನುಮಯ್ಯನವರನ್ನು ಬಯಲಿಗೆ ಕರೆತಂದ ದಿನ ಅದು ಗೊತ್ತಾಯಿತು. ಅವರು ಚಪ್ಪಾಳೆ ತಟ್ಟಿದರು. ಬೆಲ್ಲ ಓಡಿ ಬಂದು, ಅವರನ್ನು ದಾಟಿ, ಹಿಂದೆ ನಿಂತಿದ್ದ ಗಂಗಕ್ಕನ ಕಾಲಿಗೆ ಸುತ್ತಿಕೊಂಡಿತು. ಇನ್ನೊಮ್ಮೆ ತಟ್ಟಿದರು. ಮತ್ತೆ ಹಾಗೆಯೇ ಆಯಿತು. ಅವರು ಕೈ ಇಳಿಸಿ ಮನೆಯ ಕಡೆ ತಿರುಗಿ ನಡೆದರು.

"ಅವತ್ತು ನನ್ ಮೇಲೆ ನನಗೇ ಬ್ಯಾಸರ ಆಗೋಯ್ತು," ಎನ್ನುತ್ತಾರೆ ಗಂಗಕ್ಕ. "ಮರಿ ನನ್ನ ಅಚ್ಕೊಂಡಿತ್ತು. ನಂಗೂ ಒಳಗೊಳಗೇ ಖುಷಿ ಇತ್ತು. ಸುಳ್ ಯಾಕ್ ಯೋಳ್ಲಿ? ಆದ್ರೆ ಅದು ನನ್ನ ಮರಿ ಅಲ್ವಲ್ಲ."

ಮರುದಿನ ಗಂಗಕ್ಕ ಸೊಂಟದ ಚೀಲ ಬಿಚ್ಚಿ ಚಿಕ್ಕಹನುಮಯ್ಯನವರ ಮುಂದೆ ಇಟ್ಟರು. ಇನ್ನು ಮೇಲೆ ಮರಿಗೆ ಒಂದು ತುತ್ತು ಹಾಕುವುದಿದ್ದರೂ ನೀವೇ ಹಾಕಬೇಕು ಎಂದರು. ಅವರು ಚೀಲವನ್ನು ಮುಟ್ಟಲಿಲ್ಲ. ಬೆಲ್ಲವೇ ಹೋಗಿ ಚೀಲವನ್ನೂ ಅವರ ಕೈಯನ್ನೂ ಮೂಸತೊಡಗಿತು. ಬಹಳ ಹೊತ್ತಿನ ಮೇಲೆ ಅವರು ಚೀಲಕ್ಕೆ ಕೈ ಹಾಕಿದರು.

ಅಲ್ಲಿಂದಾಚೆ ಗಂಗಕ್ಕನ ಪಾಲಿಗೆ ಕಷ್ಟದ ದಿನಗಳು. ಬೆಲ್ಲ ಕುಣಿಯುತ್ತ ಬಂದರೆ ಮುಖ ತಿರುಗಿಸಿ ನಿಲ್ಲಬೇಕು, ಮುಟ್ಟಬಾರದು. ಮರಿ ಕುಂಯ್‌ಗುಟ್ಟಿ ಅವರ ಶೂ ನೆಕ್ಕುತ್ತಿತ್ತು. ಅವರು ಅಪಾರ್ಟ್‌ಮೆಂಟಿನ ಕಿಟಕಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ದಿನದಿನಕ್ಕೂ ಒಂದಿಷ್ಟು ದೂರ ಸರಿದು, ಕೊನೆಗೆ ಬಯಲಿನ ಮೂಲೆಯ ಹೊಂಗೆ ಮರದ ಹಿಂದೆ ಮರೆಯಾದರು. ಇತ್ತ ಯಜಮಾನರ ಚಪ್ಪಾಳೆ ಮೊದಮೊದಲು ಯಾರಿಗೂ ಕೇಳಿಸಬಾರದೆಂಬಂತೆ ಇತ್ತು. ಮರಿ ಬರತೊಡಗಿದ ಮೇಲೆ ಅದು ಬಯಲಿಗೆಲ್ಲ ಕೇಳಿಸತೊಡಗಿತು.

ಹಗ್ಗ ಬಿಚ್ಚಿದ್ದು ಒಂದು ಭಾನುವಾರ. ಬೆಲ್ಲ ಬಯಲಿನ ಆಚೆ ತುದಿಯಲ್ಲಿ ಹೆಗ್ಗಣದ ಬಿಲ ಕೆದಕುತ್ತಿತ್ತು. ಅಷ್ಟರಲ್ಲಿ ಪಕ್ಕದ ಕಟ್ಟಡದ ಕೆಲಸಕ್ಕೆ ನೀರಿನ ಟ್ಯಾಂಕರೊಂದು ರಿವರ್ಸ್‌ನಲ್ಲಿ ಬಯಲೊಳಗೆ ಬಂತು. ಅದರ ಬೀಪ್ ಸದ್ದಿಗೆ ಬೆದರಿದ ಮರಿ ಅಡ್ಡಾದಿಡ್ಡಿ ಓಡಿ ಟ್ಯಾಂಕರಿನ ಹಿಂದಕ್ಕೇ ಬಂದುಬಿಟ್ಟಿತು. ಡ್ರೈವರಿಗೆ ಅದು ಕಾಣುತ್ತಿರಲಿಲ್ಲ. ಮರದ ಹಿಂದಿದ್ದ ಗಂಗಕ್ಕನ ಬಾಯಿಗೆ ಮರಿಯ ಹೆಸರು ಬಂದೇಬಿಟ್ಟಿತ್ತು. ಕೂಗಿದರೆ ಅದು ಇಬ್ಬರ ನಡುವೆ ಗೊಂದಲಕ್ಕೆ ಬಿದ್ದು ನಿಂತುಬಿಡುತ್ತದೆ ಎನಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಎರಡು ಚಪ್ಪಾಳೆ ಕೇಳಿಸಿತು. ಚಿಕ್ಕಹನುಮಯ್ಯ ನೆಲಕ್ಕೆ ಮಂಡಿಯೂರಿ, ಎರಡೂ ತೋಳು ಚಾಚಿದ್ದರು. ಬೆಲ್ಲ ಕಿವಿ ನಿಗುರಿಸಿತು. ಟ್ಯಾಂಕರಿನ ಪಕ್ಕದಿಂದ ನುಸುಳಿ, ಕಲ್ಲು, ಗಿಡ ಯಾವುದನ್ನೂ ನೋಡದೆ ನೇರ ಬಂದು ಅವರ ಎದೆಗೆ ಡಿಕ್ಕಿ ಹೊಡೆಯಿತು. ಇಬ್ಬರೂ ಉರುಳಿದರು. ಗಂಗಕ್ಕನೂ ಶಾಂತಲಾ ಅವರೂ ಓಡಿಬಂದು ನೋಡಿದರೆ ಅವರ ಕತ್ತಿನ ಬಟ್ಟೆ ಜಾರಿತ್ತು, ಅದರ ಪರಿವೆ ಅವರಿಗಿರಲಿಲ್ಲ. ಮರಿಯ ಕಿವಿಗೆ ಮುಖವಿಟ್ಟು ತುಟಿ ಅಲುಗಿಸುತ್ತಿದ್ದರು. ಏನಂತಿದ್ದಾರೆ ಎಂದು ಗಂಗಕ್ಕ ಕೇಳಿದರು. ಮಾವನ ತುಟಿ ಓದಬಲ್ಲ ಶಾಂತಲಾ ಕಣ್ಣೊರೆಸಿಕೊಂಡು ಹೇಳಿದರು: "ರೈಟ್, ರೈಟ್ ಅಂತಿದ್ದಾರೆ ಗಂಗಕ್ಕ."

ಈಗ ಚಿಕ್ಕಹನುಮಯ್ಯ ಬೆಳಕು ಚೆನ್ನಾಗಿ ಹರಿದ ಮೇಲೆಯೇ, ಜನ ಓಡಾಡುವ ಹೊತ್ತಿಗೇ ಮನೆ ಬಿಡುತ್ತಾರೆ. ಟೀ ಅಂಗಡಿಯ ಮುಂದೆ ನಿಲ್ಲುತ್ತಾರೆ. ಪರಿಚಯದವರು ಮಾತಾಡಿಸಿದರೆ ತಲೆಯಾಡಿಸುತ್ತಾರೆ, ಬೆಲ್ಲವನ್ನು ತೋರಿಸುತ್ತಾರೆ. ನಾನು ಬಯಲಿನಲ್ಲಿದ್ದ ಬೆಳಿಗ್ಗೆಯೂ ಅವರು ಬಂದಿದ್ದರು. ಬೆಲ್ಲ ಗಂಗಕ್ಕನನ್ನು ನೋಡಿ ಬಾಲವನ್ನೇನೋ ಅಲ್ಲಾಡಿಸಿತು, ಆದರೆ ಯಜಮಾನರ ಪಕ್ಕ ಬಿಟ್ಟು ಬರಲಿಲ್ಲ. ಬೇಸರವಾಗುವುದಿಲ್ಲವೇ ಎಂದು ಕೇಳಿದೆ.

"ಆಯ್ತದೆ," ಎಂದರು ಗಂಗಕ್ಕ. "ಆದ್ರೂ ನನ್ ಹತ್ರ ಬರೋದು ಬಿಟ್ಟಾಗ್ಲೇ ನನ್ ಕೆಲ್ಸ ಸರಿಯಾಗ್ ಆಗೈತೆ ಅಂತ."

ಅವರ ಮನೆಯಲ್ಲಿ ನಾಯಿ ಇಲ್ಲ. ಮುನಿಶಾಮಿಯವರ ಆರೈಕೆ, ಮನೆಗೆಲಸ, ಎರಡು ಹೊತ್ತಿನ ಬಸ್ಸು. ಮರಿ ಸಾಕಿದರೆ ಅದನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಇನ್ನೂ ಕೆಲವು ವರ್ಷ ದುಡಿದು, ಕಾಲು ಸೋತ ಮೇಲೆ ಒಂದು ಮರಿ ತಂದುಕೊಳ್ಳುವ ಆಸೆ ಇದೆ ಎನ್ನುತ್ತಾರೆ. ಬೀದಿಯದ್ದಾದರೂ ಸರಿ, ಯಾವ ಬಣ್ಣವಾದರೂ ಸರಿ. ಅದಕ್ಕೂ ಹೀಗೇ ಕಲಿಸುತ್ತೀರಾ ಎಂದು ಕೇಳಿದೆ. ಗಂಗಕ್ಕ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡರು. ಮುಂದಿನ ಪಾಠಕ್ಕೆ ಕಾದಿದ್ದ ಮರಿ ಪಕ್ಕದ ರಸ್ತೆಯ ಮನೆಯೊಂದರ ಗೇಟಿನ ಹತ್ತಿರ ಬೊಗಳುತ್ತಿತ್ತು.

"ಇಲ್ಲ ಕಣಪ್ಪ, ಅದ್ಕೇನೂ ಕಲಿಸಾಕಿಲ್ಲ," ಎಂದರು. "ಅದು ಕರೀದೇನೇ ಬರ್ಲಿ."