ಉಲ್ಟಾ ಮಗ್ಗುಲಿನ ಗುರುತು

ಹೊಸ ಅಂಗಿಯ ಮಡಿಕೆ ಬಿಚ್ಚಿದರೆ ಗಂಜಿ, ಇಸ್ತ್ರಿ, ಸೀಮೆಸುಣ್ಣ ಮೂರೂ ಸೇರಿದ ಒಂದು ವಾಸನೆ ಬರುತ್ತದಲ್ಲ, ಅದು ನಿಮಗೂ ಗೊತ್ತಿರಬೇಕು. ಈ ಭಾನುವಾರ ಆ ವಾಸನೆಯಲ್ಲಿ ಮೈಮರೆತು ನಿಂತವನಿಗೆ ಎಡತೋಳು ಮಾಸಲಾಗಿರುವುದು ತಡವಾಗಿ ಕಂಡಿತು. ಖಾದರ್ ಚಾಚಾ ಆ ತೋಳಿನ ಬಟ್ಟೆಯ ಉಲ್ಟಾ ಮಗ್ಗುಲನ್ನು ಹೊರಗೆ ಮಾಡಿ ಹೊಲಿದುಬಿಟ್ಟಿದ್ದರು.

ಹಗರಿಬೊಮ್ಮನಹಳ್ಳಿಯಲ್ಲಿ ಅವರ ಹೊಲಿಗೆ ಅಂಗಡಿ. ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಗ, ಮನೆಗೆ ಹೋಗುವ ತಂಬ್ರಹಳ್ಳಿ ಬಸ್ಸು ಬರುವವರೆಗೆ ನಾನು ಅಲ್ಲೇ ಕೂರುತ್ತಿದ್ದೆ. ಒಮ್ಮೆ ಫೇಲಾಗಿದ್ದೆ. ಎರಡನೇ ಸಲವೂ ಹೋದರೆ ಓದು ಸಾಕು ಎಂದು ಅಪ್ಪ ಹೇಳಿಯಾಗಿತ್ತು. ನನ್ನನ್ನು ಕೆಡವಿದ್ದು ಅಸಮಾನತೆಯ ಲೆಕ್ಕಗಳು. ಮೈನಸ್ ಎರಡು ಎಕ್ಸ್ ಆರಕ್ಕಿಂತ ಕಡಿಮೆ ಎಂದರೆ, ಎಕ್ಸ್ ಮೈನಸ್ ಮೂರಕ್ಕಿಂತ ಕಡಿಮೆ ಎಂದು ಧೈರ್ಯವಾಗಿ ಬರೆಯುವ ಮಹಾನುಭಾವ ನಾನು. ಮೈನಸ್‌ನಿಂದ ಭಾಗಿಸಿದರೆ ಚಿಹ್ನೆ ತಿರುಗಿ ‘ಕಡಿಮೆ’ ಇದ್ದದ್ದು ‘ಹೆಚ್ಚು’ ಆಗಬೇಕು ಎಂಬುದು ಬಾಯಿಪಾಠವಿತ್ತು, ಕೈಗೆ ಬರುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು, ಮಿಷನ್ನಿನ ಸದ್ದು, ತೂಕಡಿಕೆ. ಕಣ್ಣೆದುರು ಚಿಹ್ನೆಗಳು ಕೊಕ್ಕರೆಗಳ ಹಾಗೆ ಸಾಲಾಗಿ ಹಾರಿಹೋಗುತ್ತಿದ್ದವು. ಸಾಲು ಚಂದವಿರುತ್ತಿತ್ತು, ಉತ್ತರ ಮಾತ್ರ ತಪ್ಪು.

ನನ್ನ ಗೊಣಗಾಟ ಕೇಳಿ ಕೇಳಿ ಬೇಸತ್ತ ಚಾಚಾ ಒಂದು ದಿನ ಲೆಕ್ಕವನ್ನು ಬಿಡಿಸಿ ಹೇಳೆಂದರು. ಹೇಳಿದೆ. ಕೈಯಲ್ಲಿದ್ದ ಅಂಗಿಯನ್ನು ಒಳಮೈ ಹೊರಗೆ ಮಾಡಿ ಎದುರು ಹಿಡಿದರು.

"ಜೇಬು ಎಲ್ಲಿ ಹೋತು ನೋಡಲೇ."

"ಈ ಕಡಿ ಇದ್ದದ್ದು ಆ ಕಡಿ ಹೋತು ಚಾಚಾ."

"ಮತ್ತ ಮೈನಸ್ ಬಂದು ಎಲ್ಲಾ ತಿರುವಿದ ಮ್ಯಾಲೆ, ನಿನ್ ಚಿಹ್ನೆ ಒಂದ ಯಾಕ ಇದ್ದಲ್ಲೇ ಐತಿ?"

ಆಮೇಲೆ ತಮ್ಮ ಕಸುಬಿನ ಕ್ರಮ ತೋರಿಸಿದರು. ಕತ್ತರಿಸಿದ ಪ್ರತಿ ತುಂಡಿನ ಉಲ್ಟಾ ಮಗ್ಗುಲಿಗೆ ಸೀಮೆಸುಣ್ಣದ ಗುರುತು ಹಾಕದೆ ಅವರು ಮಿಷನ್ ಮುಟ್ಟುತ್ತಿರಲಿಲ್ಲ. "ನೀನೂ ಮೈನಸ್ ಕಂಡಲ್ಲಿ ಗುರುತು ಹಾಕು. ಒಂದೂ ಬಿಡಬ್ಯಾಡ."

ಪರೀಕ್ಷೆಯಲ್ಲಿ ಕೊಟ್ಟ ರಫ್ ಹಾಳೆಯ ತುಂಬ ಗುರುತು ಹಾಕಿದೆ. ಪಕ್ಕದವನು ಇವನೇನು ರಂಗೋಲಿ ಹಾಕುತ್ತಿದ್ದಾನೆಯೇ ಎಂಬಂತೆ ನೋಡಿದ. ನೋಡಲಿ ಬಿಡಿ, ಸೀಟು ಸಿಕ್ಕಿತು. ಈಗ ಇದೇ ಊರಿನ ಬ್ಯಾಂಕಿನಲ್ಲಿದ್ದೇನೆ.

ಅಂಥವರು ತೋಳು ಉಲ್ಟಾ ಹೊಲಿಯುವುದೆಂದರೆ! ನನಗೆ ಸಂಕಟವಾಯಿತು. ಏನೂ ಹೇಳಬಾರದೆಂದು ನಿಶ್ಚಯಿಸಿ, ಅದೇ ಅಂಗಿ ತೊಟ್ಟು ಅಂಗಡಿಗೆ ಹೋದೆ.

"ಸರಿ ಐತೇನಪಾ?"

"ಭಾಳ ಚಲೋ ಐತಿ ಚಾಚಾ."

ಅವರು ತೋಳು ಹಿಡಿದು ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ಅಲ್ಲೇ ನಿಂತಿತು.

"ಉಲ್ಟಾ ಹೊಲ್ದೀನಿ. ನೀ ಯಾಕ ಸುಳ್ಳು ಹೇಳ್ತಿ? ಗುರುತು ಹಾಕಿದ್ದೆ, ಬಿಳಿ ಗೀಟು ನನಗೀಗ ಕಾಣವಲ್ದು."

ಮೇಜಿನ ಮೇಲೆ ನಾಳೆಯ ಅಂಗಿಗಳ ತುಂಡುಗಳಿದ್ದವು. ಡಬ್ಬಿಯಿಂದ ಕೆಂಪು ಸೀಮೆಸುಣ್ಣ ಹುಡುಕಿಕೊಂಡು, ಒಂದೊಂದರ ಉಲ್ಟಾ ಮಗ್ಗುಲಿಗೂ ಅಂಗೈಯಗಲ ಗುರುತು ಹಾಕುತ್ತ ಕುಳಿತೆ. ಚಾಚಾ ಮೊದಲ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಕೆಂಪು ಗುರುತಿನ ಮೇಲೆಯೇ ಬೆರಳಿಟ್ಟರು. ಅದನ್ನು ಕೆಳಗಿಟ್ಟು, ಮಿಷನ್ನಿನ ಸೂಜಿಗೆ ಪೋಣಿಸಲು ದಾರದ ತುದಿಯನ್ನು ನನ್ನ ಕೈಗೇ ಕೊಟ್ಟರು.

"ಒಂದೂ ಬಿಡಬ್ಯಾಡ" ಎಂದರು.