ಬಲಗಿವಿಯ ಮೇಲಿನ ಬಿಳಿ ಕೂದಲು

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಒಂಬತ್ತು ತುಂಬುವಾಗ ಬಲಗಿವಿಯ ಮೇಲೆ ಒಂದಿಷ್ಟು ಕೂದಲು ಬೆಳ್ಳಗಾಯಿತು. ನಮ್ಮೂರು ನರಿಮೊಗರಿನಲ್ಲಿ ಆಗ ಬಿಟ್ಟಿಯಾಗಿ ಸಿಗುತ್ತಿದ್ದದ್ದು ಸಲಹೆ ಒಂದೇ. ತಲೆಗೆ ಬಿಸಿನೀರು ಹೊಯ್ದದ್ದೇ ಕಾರಣವೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಪಂಡಿತರು ಪಿತ್ತ ಎಂದರು. ಹುಡುಗಿ ವಿಪರೀತ ತಲೆ ಓಡಿಸುತ್ತಾಳೆ ಎಂದರು ಶಾಲೆಯ ಮಾಸ್ಟ್ರು. ನನ್ನ ಲೆಕ್ಕದ ಪುಸ್ತಕ ತಿದ್ದುತ್ತಿದ್ದವರೂ ಅವರೇ, ಹೇಗೆ ಹೇಳಿದರೋ ಕಾಣೆ. ಅಮ್ಮ ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಪ್ರತಿ ಭಾನುವಾರ ಗರುಗದ ಸೊಪ್ಪಿನ ರಸವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ, ಆ ಜಾಗಕ್ಕೆ ಉರಿಯುವಷ್ಟು ತಿಕ್ಕುತ್ತಿದ್ದಳು.

ಒಂದು ಭಾನುವಾರ ಕಲ್ಲುಗುಂಡಿಯಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಬಸ್ಸು ಹಿಡಿದು ಬಂದರು. ಅಪ್ಪ ತೀರಿಹೋದಾಗ ನಾನಿನ್ನೂ ತೊಟ್ಟಿಲಿನಲ್ಲಿದ್ದೆ. ಮನೆಯಲ್ಲಿ ಅವರದೊಂದು ಫೋಟೋವೂ ಇರಲಿಲ್ಲ. ಅತ್ತೆ ನನ್ನ ತಲೆ ನೋಡಿ ಅಮ್ಮನ ಕಡೆ ತಿರುಗಿದರು.

"ಅತ್ತಿಗೆ, ಇದಕ್ಕೆ ಮದ್ದು ಎಂತಕ್ಕೆ? ಅಣ್ಣನಿಗೂ ಇದೇ ಪ್ರಾಯದಲ್ಲಿ, ಇದೇ ಜಾಗದಲ್ಲಿ ಬೆಳ್ಳಗಾದ್ದಲ್ವಾ?"

ನಾನು ಒಳಗೆ ಓಡಿ ಕನ್ನಡಿ ಹಿಡಿದೆ. ಅಪ್ಪ ಹೇಗಿದ್ದರು ಎಂದು ಯಾರನ್ನು ಕೇಳಿದರೂ, ಒಳ್ಳೆಯವರು ಎಂಬ ಉತ್ತರ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಒಳ್ಳೆಯತನಕ್ಕೆ ಮೂಗು, ಬಾಯಿ ಇರುತ್ತದೆಯೇ? ಈಗ ಅವರದೊಂದು ತುಣುಕು ನನ್ನ ತಲೆಯಲ್ಲೇ ಇತ್ತು. ಸಂತೋಷಕ್ಕೆ ಅಳು ಬಂತು.

ಇಷ್ಟು ದಿನ ಅದನ್ನು ಅಳಿಸಲು ಹೊರಟಿದ್ದ ಅಮ್ಮನ ಮೇಲೆ ಸಿಟ್ಟೂ ಬಂತು. ಮುಂದಿನ ಭಾನುವಾರ ಎಣ್ಣೆಗೆ ತಲೆ ಕೊಡದೆ ದೂರ ನಿಂತು ಕೇಳಿದೆ: "ನಿಂಗೆ ಗೊತ್ತಿತ್ತಾ?"

"ಗೊತ್ತುಂಟು ಮಗಾ. ಅವರಿಗೆ ಕೂದಲೂ ಬೇಗ ಹಣ್ಣಾಯ್ತು, ಅವರು ಹೋದ್ದೂ ಬೇಗ. ನಂಗೆ ಹೆದರಿಕೆ."

ಹೆದರಿಕೆ ಎಂಬ ಮಾತನ್ನು ಅಮ್ಮನ ಬಾಯಿಂದ ಅದಕ್ಕೆ ಮೊದಲು ಕೇಳಿರಲಿಲ್ಲ. ಹೋಗಿ ಅವಳ ಮುಂದೆ ಕುಳಿತೆ. ಆ ಜಾಗವೊಂದನ್ನು ಬಿಡು ಎಂದೆ. ಬಿಟ್ಟಳು. ಉಳಿದ ತಲೆಗೆಲ್ಲ ಎಣ್ಣೆ ಹಚ್ಚಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಬಿಳಿ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಸರಿಸಿದ ಮೇಲೂ ಬಹಳ ಹೊತ್ತು ಕೈ ಅಲ್ಲೇ ಇತ್ತು.

ಅಪ್ಪ ಹೋದ ಪ್ರಾಯವನ್ನು ದಾಟಿ ನಾನು ತುಂಬ ಮುಂದೆ ಬಂದಿದ್ದೇನೆ. ಅಮ್ಮನ ಹೆದರಿಕೆ ಸುಳ್ಳಾಯಿತು. ಅದನ್ನು ಕಣ್ಣಾರೆ ನೋಡಿಯೇ ಅವಳು ಹೋದಳು. ಈಗ ನನ್ನ ತಲೆಯೆಲ್ಲ ಬೆಳ್ಳಗಾಗಿದೆ. ಕನ್ನಡಿಯ ಮುಂದೆ ನಿಂತು ಹುಡುಕುತ್ತೇನೆ. ಅಪ್ಪನ ಕೂದಲು ಯಾವುದು, ನನ್ನದು ಯಾವುದು ಎಂದು ಗೊತ್ತಾಗುವುದಿಲ್ಲ.